ಸೊಸೈಟಿ ಮೂಲೆಯ ಆ ಹೊಂಡಕ್ಕೆ ಇಷ್ಟೆಲ್ಲ ಕಾಗದ ಯಾಕೆ?

ಪುಣೆಯ ಹೊರವಲಯದಲ್ಲಿ ಹೊಸ ಫ್ಲ್ಯಾಟ್ ನೋಡಲು ಹೋದವರಿಗೆ ಸೇಲ್ಸ್ ಆಫೀಸಿನ ಗೋಡೆಯ ನಕ್ಷೆ ನೆನಪಿರುತ್ತದೆ. ಕ್ಲಬ್‌ಹೌಸ್, ಸ್ವಿಮ್ಮಿಂಗ್ ಪೂಲ್, ಮಕ್ಕಳ ಆಟದ ಜಾಗ, ಎಲ್ಲಕ್ಕೂ ಒಂದೊಂದು ಬಣ್ಣ. ಜಾಗದ ತೀರಾ ತಗ್ಗಿನ ಮೂಲೆಯಲ್ಲಿ ಒಂದು ನೀಲಿ ಚೌಕವೂ ಇರುತ್ತದೆ. ಅದೇನು ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ 'ವಾಟರ್ ಬಾಡಿ' ಅನ್ನುವ ಉತ್ತರ ಸಿಗುತ್ತದೆ, ಅಷ್ಟೇ.

ಆ ಚೌಕ ಚೆಂದಕ್ಕೆ ಇಟ್ಟದ್ದಲ್ಲ. ಮಳೆಯ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ನಿಧಾನವಾಗಿ ಹೊರಗಿನ ಹಳ್ಳಕ್ಕೆ ಬಿಡುವ ಹೊಂಡ ಅದು. ಮಳೆನೀರಿಗೆ ಇಂಥ ವ್ಯವಸ್ಥೆ ಮಾಡುತ್ತೇವೆ ಅಂತ ಬರೆದುಕೊಟ್ಟ ಮೇಲೆಯೇ ಪ್ರಾಜೆಕ್ಟಿಗೆ ಅನುಮತಿ ಸಿಕ್ಕಿರುತ್ತದೆ. ಬಿಲ್ಡರ್ ಕೆಲಸ ಮುಗಿಸಿ ಹೋದ ಮೇಲೆ ಆ ಬರೆದುಕೊಟ್ಟ ಮಾತು ಫ್ಲ್ಯಾಟ್ ಮಾಲೀಕರ ಸೊಸೈಟಿಯ ಕೊರಳಿಗೆ ಬೀಳುತ್ತದೆ. ವಾಕಡ್, ಪುನಾವಳೆ, ರಾವೇತ್, ವಾಘೋಲಿ, ಉಂಡ್ರಿ ಕಡೆ ಧಾರವಾಡ, ಬೆಳಗಾವಿ, ವಿಜಯಪುರದಿಂದ ಬಂದ ನಮ್ಮವರು ಬೇಕಾದಷ್ಟು ಜನ ಮನೆ ಮಾಡಿದ್ದಾರೆ. ಈಗ ಕಮಿಟಿಗಳಲ್ಲೂ ಇದ್ದಾರೆ. ನಮ್ಮ ಸೊಸೈಟಿಯಲ್ಲಿ ಮಳೆನೀರಿನ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಈ ಹೊಂಡದ ಲೆಕ್ಕ ಮತ್ತು ಕಾಗದ ಎರಡನ್ನೂ ಒಂದೇ ಕಡೆ ಬರೆದಿಡಬೇಕು ಅನ್ನಿಸಿತು.

ಹೊಂಡ ಯಾಕೆ ಬೇಕು

ಪುಣೆಯ ಸುತ್ತ ಗುಡ್ಡಗಳು. ನಡುವೆ ಮುಳಾ, ಮುಠಾ ನದಿಗಳು. ಗುಡ್ಡದಿಂದ ನದಿಗೆ ಇಳಿಯುವ ಸಣ್ಣ ಹಳ್ಳಗಳಿಗೆ ಇಲ್ಲಿ ಓಢಾ ಅನ್ನುತ್ತಾರೆ. ಕಾತ್ರಜ್ ಕಡೆಯಿಂದ ಆಂಬಿಲ್ ಓಢಾ ಬರುತ್ತದೆ. ಬಾವಧನ್, ಪಾಷಾಣ್, ಬಾಣೇರ್ ದಾಟಿ ರಾಮನದಿ ಬರುತ್ತದೆ. ವರ್ಷದ ಬಹುಪಾಲು ಇವುಗಳಲ್ಲಿ ನೀರು ಕಂಡೂ ಕಾಣದಷ್ಟು. ಹಾಗಾಗಿ ಇವುಗಳ ದಂಡೆಯವರೆಗೂ ಮನೆಗಳು ಬಂದು ನಿಂತಿವೆ.

2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿತು. ಕಾಂಪೌಂಡ್ ಗೋಡೆಗಳು ಒಡೆದವು. ಪಾರ್ಕಿಂಗ್‌ನಲ್ಲಿದ್ದ ಕಾರುಗಳು ಒಂದರ ಮೇಲೊಂದು ಬಿದ್ದವು. ಪುಣೆ ನಗರ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಂದು ಜನರನ್ನು ಕೊಂದದ್ದು ದೊಡ್ಡ ನದಿಯಲ್ಲ, ಕೆಲವೇ ಗಂಟೆ ಸುರಿದ ಮಳೆಗೆ ಉಕ್ಕಿದ ಹಳ್ಳಗಳು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಗೆ ನೀರು ನುಗ್ಗಿತಲ್ಲ, ಅದು ಬೇರೆ ಥರದ ನೆರೆ. ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ನದಿಯೇ ಏರಿ ಬಂದದ್ದು. ಅಂಥ ನೆರೆಗೆ ಸೊಸೈಟಿಯ ಹೊಂಡ ಏನೂ ಮಾಡಲಾರದು. ಅದಕ್ಕೆ ನದಿಯ ನೀಲಿ ಗೆರೆ, ಕೆಂಪು ಗೆರೆಗಳ ನಿಯಮ ಇದೆ. ಸರಾಸರಿ 25 ವರ್ಷಕ್ಕೊಮ್ಮೆ ಬರುವ ನೆರೆ ತಲುಪುವ ಮಟ್ಟ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರುವ ನೆರೆಯದ್ದು ಕೆಂಪು ಗೆರೆ. ಜಲಸಂಪನ್ಮೂಲ ಇಲಾಖೆ ಇವನ್ನು ಗುರುತಿಸುತ್ತದೆ. ಮನೆ ಕೊಳ್ಳುವಾಗ ಇದನ್ನೂ ನೋಡಬೇಕು. ಆದರೆ ಹೊಂಡದ ಕೆಲಸ ಹಳ್ಳದ ನೆರೆಗೆ ಸಂಬಂಧಿಸಿದ್ದು, ನಮ್ಮದೇ ಜಾಗದಲ್ಲಿ ಬಿದ್ದ ಮಳೆಗೆ ಸಂಬಂಧಿಸಿದ್ದು.

ಟ್ಯಾಂಕರ್ ಲೆಕ್ಕ

ಇದನ್ನು ಟ್ಯಾಂಕರ್ ಲೆಕ್ಕದಲ್ಲಿ ಹೇಳಿದರೆ ಪುಣೆಯವರಿಗೆ ಥಟ್ಟನೆ ಅರ್ಥವಾಗುತ್ತದೆ. ಏಪ್ರಿಲ್, ಮೇ ಬಂದರೆ ಎಲ್ಲರ ಬಾಯಲ್ಲೂ ಅದೇ ಮಾತು, ಇವತ್ತು ಎಷ್ಟು ಟ್ಯಾಂಕರ್ ಬಂತು ಅಂತ. ಒಂದು ಟ್ಯಾಂಕರ್ ಅಂದರೆ 10,000 ಲೀಟರ್ ಅಂತ ಇಟ್ಟುಕೊಳ್ಳೋಣ.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಈಗ 10 ಎಕರೆ ಜಾಗದ ಪ್ರಾಜೆಕ್ಟ್ ತೆಗೆದುಕೊಳ್ಳಿ. ಹೆಚ್ಚುಕಡಿಮೆ 40,000 ಚದರ ಮೀಟರ್. ಜೋರು ಮಳೆ ಹಿಡಿದು ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಸುರಿಯಿತು ಅನ್ನೋಣ. ಒಟ್ಟು 24 ಲಕ್ಷ ಲೀಟರ್, ಅಂದರೆ 240 ಟ್ಯಾಂಕರ್.

ಆ ಜಾಗ ಹೊಲವಾಗಿದ್ದಾಗ ಅಷ್ಟೂ ನೀರು ಹೊರಗೆ ಹರಿಯುತ್ತಿರಲಿಲ್ಲ. ಸ್ವಲ್ಪ ಮಣ್ಣಿಗೆ ಇಂಗುತ್ತಿತ್ತು. ಸ್ವಲ್ಪ ಬದುಗಳಲ್ಲಿ, ತಗ್ಗುಗಳಲ್ಲಿ ನಿಲ್ಲುತ್ತಿತ್ತು. ನೂರಕ್ಕೆ 30 ಪಾಲು ಹರಿಯಿತು ಅಂದರೆ 72 ಟ್ಯಾಂಕರ್. ಈಗ ಅಲ್ಲಿ ಟೆರೇಸು, ಕಾಂಕ್ರೀಟ್ ರಸ್ತೆ, ಪೇವರ್ ಬ್ಲಾಕು, ಕೆಳಗೆ ಬೇಸ್‌ಮೆಂಟ್ ಇರುವ ಪೋಡಿಯಂ. ನೂರಕ್ಕೆ 75 ಪಾಲು ಹರಿಯುತ್ತದೆ ಅಂದರೆ 180 ಟ್ಯಾಂಕರ್. ಹೆಚ್ಚಾದದ್ದು 108 ಟ್ಯಾಂಕರ್, ಒಂದೇ ಗಂಟೆಯಲ್ಲಿ. ಈ ಪ್ರಮಾಣಗಳು ಇಳಿಜಾರು, ಮಣ್ಣು, ಕಟ್ಟಡ ನೋಡಿ ಬದಲಾಗುತ್ತವೆ. ಆದರೆ ಎಂಜಿನಿಯರು ಮಾಡುವ ಲೆಕ್ಕದ ತಿರುಳು ಇಷ್ಟೇ.

ಆ 108 ಟ್ಯಾಂಕರ್ ನೀರನ್ನು ಹಾಗೇ ಹೊರಗೆ ಬಿಟ್ಟರೆ ಅದು ಕೆಳಗಿನವರ ಮನೆಗೆ ಹೋಗುತ್ತದೆ. ಓಢಾದ ದಂಡೆಯಲ್ಲಿ ಇರುವವರು ಸಾಮಾನ್ಯವಾಗಿ ನಮಗಿಂತ ಬಡವರು. ಈ ಮಾತನ್ನು ನಾನು ಪ್ರತಿ ಮೀಟಿಂಗಿನಲ್ಲೂ ಹೇಳುತ್ತೇನೆ. ಹೊಂಡದಿಂದ ನಮಗೆ ನೇರವಾಗಿ ಆಗುವ ಲಾಭ ಕಡಿಮೆ. ಉಳಿಯುವುದು ಕೆಳಗಿನವರ ಮನೆ. ಅದಕ್ಕೇ ಅದನ್ನು ನಮ್ಮ ಇಷ್ಟಕ್ಕೆ ಬಿಡದೆ ಕಾನೂನಿನ ಷರತ್ತು ಮಾಡಿದ್ದಾರೆ.

108 ಟ್ಯಾಂಕರ್ ನೀರಿಗೆ ಎಷ್ಟು ಜಾಗ ಬೇಕು? 1,080 ಘನ ಮೀಟರ್. 36 ಮೀಟರ್ ಉದ್ದ, 20 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಇದ್ದರೆ ಹಿಡಿಯುತ್ತದೆ. ಪುಣೆಯ ಜಾಗದ ರೇಟಿನಲ್ಲಿ ಅಷ್ಟು ನೆಲವನ್ನು ಖಾಲಿ ಬಿಡುವುದು ಬಿಲ್ಡರ್‌ಗೆ ಸಂಕಟ. ಅದಕ್ಕೇ ಎಷ್ಟೋ ಕಡೆ ಹೊಂಡವನ್ನು ನೆಲದಡಿಯ ಟ್ಯಾಂಕಾಗಿ ಕಟ್ಟಿ, ಮೇಲೆ ಪಾರ್ಕಿಂಗ್ ಅಥವಾ ಹುಲ್ಲುಹಾಸು ಮಾಡುತ್ತಾರೆ. ಅದು ತಪ್ಪಲ್ಲ. ಕಣ್ಣಿಗೆ ಕಾಣದ್ದನ್ನು ಜನ ಬೇಗ ಮರೆಯುತ್ತಾರೆ ಅನ್ನುವುದೊಂದೇ ಅದರ ತೊಂದರೆ.

ತೂಬು, ಕೋಡಿ, ಹೂಳು

ನಮ್ಮ ಮೇಲಿನ ಮನೆಯವರ ಅಪ್ಪ ಗದಗ ಕಡೆಯವರು. ಮಗನ ಮನೆಗೆ ಬಂದಿದ್ದಾಗ ಸಂಜೆ ಹೊಂಡದ ಹತ್ತಿರ ನಿಂತು ನೋಡಿದರು. "ಇದಕ್ಕ ತೂಬು ಎಲ್ಲೈತಿ ತಮ್ಮಾ? ಕೋಡಿ ಎಲ್ಲಿ ಇಟ್ಟಾರ?" ಅಂದರು. "ಬರ್ರಿ ಕಾಕಾ, ತೋರಸ್ತೀನಿ" ಅಂತ ಕರೆದುಕೊಂಡು ಹೋದೆ. ಹೊಂಡ ನೋಡಿದವರು ಕೇಳಬೇಕಾದ ಪ್ರಶ್ನೆಗಳು ಅವೇ.

ಊರಿನ ಕೆರೆಯಲ್ಲಿ ಏನೇನು ಇರುತ್ತದೋ ಈ ಹೊಂಡದಲ್ಲೂ ಅದೇ ಇರುತ್ತದೆ. ಮಳೆನೀರಿನ ಗಟಾರ ಹೊಂಡಕ್ಕೆ ಸೇರುವ ಕಡೆ ಒಂದು ಹೂಳಿನ ಗುಂಡಿ ಇರುತ್ತದೆ. ಮಣ್ಣು, ಮರಳು, ಎಲೆ ಅಲ್ಲೇ ಕೂರಲಿ ಅಂತ. ಹೊಂಡದ ತಳದಲ್ಲಿ, ತಗ್ಗಿನ ಕೊನೆಯಲ್ಲಿ ತೂಬು. ಮೇಲೆ, ಕಟ್ಟೆಗಿಂತ ಸ್ವಲ್ಪ ಕೆಳಗೆ ಕೋಡಿ. ಲೆಕ್ಕ ಮೀರಿದ ಮಳೆ ಬಂದರೆ ಕಟ್ಟೆ ಒಡೆಯದೆ ಹೆಚ್ಚಿನ ನೀರು ಆ ದಾರಿಯಿಂದ ಹೋಗಲಿ ಅಂತ. ಕೋಡಿಯ ನೀರು ಓಢಾ ಕಡೆ ಹೋಗಬೇಕು. ಪಕ್ಕದವರ ಕಾಂಪೌಂಡ್ ಕಡೆ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ತೂಬು. ಹೊಂಡದ ಜೀವ ಇರುವುದೇ ಅಲ್ಲಿ. ಮೇಲಿನ ಲೆಕ್ಕದಲ್ಲಿ ಹೊಲ ಗಂಟೆಗೆ 72 ಟ್ಯಾಂಕರ್ ನೀರು ಬಿಡುತ್ತಿತ್ತು ಅಂದೆವಲ್ಲ, ಅದು ಸೆಕೆಂಡಿಗೆ 200 ಲೀಟರ್. ಹೊಂಡ ತುಂಬಿದಾಗಲೂ ಅದಕ್ಕಿಂತ ಹೆಚ್ಚು ಹೊರಗೆ ಹೋಗಬಾರದು. ಮೇಲೆ ಒಂದು ಮೀಟರಿಗಿಂತ ತುಸು ಹೆಚ್ಚು ನೀರು ನಿಂತಾಗ ಸುಮಾರು 300 ಮಿಲಿಮೀಟರ್ ಅಗಲದ ರಂಧ್ರದಿಂದ ಹೆಚ್ಚುಕಡಿಮೆ ಅಷ್ಟೇ ನೀರು ಹೋಗುತ್ತದೆ. ಅದಕ್ಕೇ ತೂಬು ನೋಡಲು ಅಷ್ಟು ಸಣ್ಣದು. ನೋಡಿದವರಿಗೆ ಇದು ಕಟ್ಟಿದವರ ತಪ್ಪು ಅನ್ನಿಸುತ್ತದೆ. ಒಂದು ಜೋರು ಮಳೆಗೆ ಹೊಂಡ ತುಂಬಿ, ನೀರು ಅರ್ಧ ದಿನ ನಿಂತರೆ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಶುರು. ಪ್ಲಂಬರ್ ಬರುತ್ತಾನೆ. "ಪೈಪ್ ಸಣ್ಣದಾಯ್ತು ಸಾಹೇಬ್ರೆ, 600 ಹಾಕೋಣ" ಅನ್ನುತ್ತಾನೆ.

ಆ ಮಾತಿಗೆ ಒಪ್ಪಿದರೆ ಹೊಂಡ ಕೆಟ್ಟ ಹಾಗೆಯೇ. ಪೈಪಿನ ಅಗಲ ಎರಡು ಪಟ್ಟಾದರೆ ಅದರ ಬಾಯಿ ನಾಲ್ಕು ಪಟ್ಟಾಗುತ್ತದೆ, ಹೊರಗೆ ಹೋಗುವ ನೀರೂ ಸುಮಾರು ನಾಲ್ಕು ಪಟ್ಟು. ಹೊಂಡ ನೀರನ್ನು ಹಿಡಿಯುವುದೇ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ, ಹುಲ್ಲು ಹಸಿರು, ನೀರು ನಿಲ್ಲುವುದಿಲ್ಲ, ಎಲ್ಲರಿಗೂ ಖುಷಿ. ಆದರೆ ಅನುಮತಿ ಕೊಟ್ಟಾಗ ಇದ್ದ ಹೊಂಡ ಈಗ ಇಲ್ಲ. ಹಾಗಾಗಿ ತೂಬಿನ ಅಳತೆ ಯಾವ ಡ್ರಾಯಿಂಗಿನಲ್ಲಿದೆ ಅಂತ ಕಮಿಟಿಗೆ ಗೊತ್ತಿರಬೇಕು. ಆ ಅಳತೆಯನ್ನು ತೂಬಿನ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಡುವುದು ಒಳ್ಳೆಯದು. ನಾವು ಬರೆಸಿದ್ದೇವೆ.

ನೀರು ನಿಂತರೆ ಸೊಳ್ಳೆ, ಡೆಂಗಿ ಅನ್ನುವ ಭಯ ನಿಜವಾದದ್ದೇ. ಅದಕ್ಕೆ ಉತ್ತರ ತೂಬು ಸ್ವಚ್ಛವಾಗಿ ಇಡುವುದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಒಣ ಹೊಂಡ ಎರಡು ಮೂರು ದಿನದೊಳಗೆ ಪೂರ್ತಿ ಖಾಲಿಯಾಗುವ ಹಾಗೆ ಇರಬೇಕು. ಹಾಗಿದ್ದರೆ ಸೊಳ್ಳೆಗೆ ಅವಕಾಶವೇ ಇಲ್ಲ. ಯಾವಾಗಲೂ ನೀರು ಇರುವ ಹೊಂಡವಾದರೆ ಲೆಕ್ಕ ಬೇರೆ. ಅಲ್ಲಿ ಮೀನು ಬೇಕು, ಸುತ್ತ ಬೇಲಿ ಬೇಕು, ದಂಡೆ ಕಡಿದಾಗಿ ಇರದೆ ಮಕ್ಕಳು ಜಾರಿ ಬಿದ್ದರೂ ಹತ್ತಿ ಬರುವ ಹಾಗೆ ಇಳಿಜಾರು ಇರಬೇಕು.

ಹೂಳಿನ ಮಾತು. ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ಒಂದು ಅಡಿ ಹೂಳು ತುಂಬಿದರೆ ಐದರಲ್ಲಿ ಒಂದು ಪಾಲು ಹೋಯಿತು. ನಮ್ಮ ಲೆಕ್ಕದ ಹೊಂಡದಲ್ಲಿ ಅದು 21 ಟ್ಯಾಂಕರ್‌ಗಿಂತ ಜಾಸ್ತಿ. ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿದ್ದರೆ ಹೂಳು ಬೇಗ ತುಂಬುತ್ತದೆ. ಮೇ ತಿಂಗಳಲ್ಲೇ ತೆಗೆಸಬೇಕು, ಮಳೆ ಹಿಡಿದ ಮೇಲೆ ಆಗದ ಕೆಲಸ. ನೆಲದಡಿಯ ಟ್ಯಾಂಕಾದರೆ ಯಾವ ಕಾರಣಕ್ಕೂ ಕೆಲಸದವರನ್ನು ಹಾಗೇ ಒಳಗೆ ಇಳಿಸಬೇಡಿ. ಮುಚ್ಚಿದ ಜಾಗದಲ್ಲಿ ವಿಷದ ಗಾಳಿ ಇರುತ್ತದೆ, ಉಸಿರಾಡುವ ಗಾಳಿ ಇರುವುದಿಲ್ಲ. ಯಂತ್ರದಿಂದ ತೆಗೆಸಿ. ಒಳಚರಂಡಿ ನೀರು ಸೇರುವ ಕಡೆ ಮನುಷ್ಯರನ್ನು ರಕ್ಷಣೆ ಇಲ್ಲದೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಇರಲಿ ಬಿಡಲಿ, ಒಂದು ಟ್ಯಾಂಕ್ ತೊಳೆಯಲು ಯಾರ ಜೀವವೂ ಹೋಗಬಾರದು.

ನೆಲದಡಿ ಇರುವುದು ಕಪ್ಪು ಬಂಡೆ

ಹೊಂಡದ ನೀರು ಅಲ್ಲೇ ಇಂಗಲಿ ಅಂತ ಎಲ್ಲರಿಗೂ ಆಸೆ. ಆದರೆ ಪುಣೆಯ ನೆಲದಲ್ಲಿ ಅದು ಸುಲಭವಲ್ಲ. ಮೇಲೆ ಎರೆಮಣ್ಣು ಇದ್ದರೆ ಒದ್ದೆಯಾದ ಕೂಡಲೇ ಅದು ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಮುರುಮು, ಅಂದರೆ ಸವೆದು ಪುಡಿಯಾದ ಬಂಡೆ, ಅದಕ್ಕೂ ಕೆಳಗೆ ದಖ್ಖನ್ನಿನ ಕಪ್ಪು ಬಂಡೆ. ನೀರು ಇಳಿಯುವುದು ಮುರುಮಿನಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಅದಕ್ಕೇ ಮಳೆನೀರನ್ನು ನೆಲದಡಿ ಇಂಗಿಸುವ ರಿಚಾರ್ಜ್ ಬೋರ್ ಕೊರೆಯುವ ಮುಂಚೆ ಭೂವಿಜ್ಞಾನಿಯಿಂದ ಜಾಗ ತೋರಿಸಿಕೊಳ್ಳಬೇಕು. ಸುಮ್ನೆ ಮೂಲೆಯಲ್ಲಿ ಖಾಲಿ ಇದೆ ಅಂತ ಕೊರೆದರೆ ನೀರು ಮೇಲೇ ನಿಲ್ಲುತ್ತದೆ.

ಬಿರುಕಿನಲ್ಲಿ ಇಳಿಯುವ ನೀರು ಸೋಸದೆ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಮಣ್ಣಿನ ಪದರ ಕೊಳೆ ಹಿಡಿಯುವ ಹಾಗೆ ಬಂಡೆಯ ಬಿರುಕು ಹಿಡಿಯುವುದಿಲ್ಲ. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಕೆಟ್ಟಾಗ ಅದರ ನೀರನ್ನು ಗುಟ್ಟಾಗಿ ಮಳೆಗಟಾರಕ್ಕೆ ತಿರುಗಿಸುವ ಸೊಸೈಟಿಗಳಿವೆ. ಹಾಗೆ ಮಾಡುವುದು 1974ರ ಜಲ ಮಾಲಿನ್ಯ ಕಾಯ್ದೆಯ ಉಲ್ಲಂಘನೆ. ಅಷ್ಟೇ ಅಲ್ಲ, ಆ ನೀರು ಹೊಂಡಕ್ಕೆ, ಹೊಂಡದಿಂದ ರಿಚಾರ್ಜ್ ಬೋರಿಗೆ, ಅಲ್ಲಿಂದ ನಮ್ಮದೇ ಕೊಳವೆಬಾವಿಗೆ ಬಂದು ಸೇರಬಹುದು.

ಅನುಮತಿ ಯಾವ ಕಾಗದದಲ್ಲಿದೆ

ಇಲ್ಲಿ ಎಲ್ಲರಿಗೂ ತಲೆ ಕೆಡುತ್ತದೆ. 'ಹೊಂಡದ ಪರ್ಮಿಟ್' ಅನ್ನುವ ಒಂದೇ ಕಾಗದ ಹುಡುಕಿದರೆ ಸಿಗುವುದಿಲ್ಲ. ಹೊಂಡ ಮೂರು ನಾಲ್ಕು ಅನುಮತಿಗಳೊಳಗೆ ಷರತ್ತಾಗಿ ಹಂಚಿಹೋಗಿರುತ್ತದೆ.

ಮೊದಲನೆಯದು ಪರಿಸರ ಅನುಮತಿ. ಎಲ್ಲರೂ ಇಸಿ ಅನ್ನುತ್ತಾರೆ. 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿಲ್ಟ್‌ಅಪ್ (ಕಟ್ಟಿದ ವಿಸ್ತೀರ್ಣ) ಇರುವ ಕಟ್ಟಡ ಪ್ರಾಜೆಕ್ಟಿಗೆ ಕೆಲಸ ಶುರು ಮಾಡುವ ಮುಂಚೆಯೇ ಇದು ಬೇಕು. 1,50,000 ಚದರ ಮೀಟರ್ ಮುಟ್ಟಿದರೆ ಅಥವಾ ಜಾಗ 50 ಹೆಕ್ಟೇರ್ ಆದರೆ ಅದು ಟೌನ್‌ಶಿಪ್ ಲೆಕ್ಕಕ್ಕೆ ಹೋಗುತ್ತದೆ, ಪರಿಶೀಲನೆಯೂ ಹೆಚ್ಚು. ಸಾಮಾನ್ಯವಾಗಿ ರಾಜ್ಯ ಮಟ್ಟದ ತಜ್ಞರ ಸಮಿತಿ ಅರ್ಜಿ ನೋಡುತ್ತದೆ, ರಾಜ್ಯ ಪರಿಸರ ಪ್ರಾಧಿಕಾರ ಅನುಮತಿ ಕೊಡುತ್ತದೆ.

ಇಸಿ ಪತ್ರ ಹಲವು ಪುಟದ್ದು. ಹೆಚ್ಚಿನವರು ಮೊದಲ ಪುಟ ನೋಡಿ ಫೈಲಿಗೆ ಹಾಕುತ್ತಾರೆ. ನಮಗೆ ಬೇಕಾದದ್ದು ಒಳಗಿದೆ. ಜಾಗದಲ್ಲಿರುವ ಸಹಜ ಹರಿವನ್ನು ತಡೆಯಬಾರದು, ಅದಕ್ಕೆ ಅಡ್ಡವಾಗಿ ಏನೂ ಕಟ್ಟಬಾರದು ಅನ್ನುವ ಷರತ್ತು ಈಗಿನ ಇಸಿಗಳಲ್ಲಿ ಸಾಮಾನ್ಯ. ನೀರು ಹಿಡಿಯಲು ಚೆಕ್ ಡ್ಯಾಮ್, ಹುಲ್ಲುಗಾಲುವೆಯಂಥ ವ್ಯವಸ್ಥೆ ಮಾಡಬಹುದು ಅಂತಲೂ ಅದರಲ್ಲೇ ಇರುತ್ತದೆ. 5,000 ಚದರ ಮೀಟರ್ ಬಿಲ್ಟ್‌ಅಪ್‌ಗೆ ಕನಿಷ್ಠ ಒಂದು ರಿಚಾರ್ಜ್ ಬೋರ್, ಒಂದು ದಿನಕ್ಕೆ ಬೇಕಾದ ಸಿಹಿನೀರಿನಷ್ಟು ಮಳೆನೀರು ಹಿಡಿಯುವ ಜಾಗ, ಇವೂ ಸಾಮಾನ್ಯ ಷರತ್ತುಗಳೇ. 60,000 ಚದರ ಮೀಟರ್ ಪ್ರಾಜೆಕ್ಟಾದರೆ 12 ಬೋರ್ ಇರಬೇಕು. ಒಮ್ಮೆ ಎಣಿಸಿ ನೋಡಿ. ನಿಮ್ಮ ಇಸಿಯಲ್ಲಿ ಹೊಂಡದ ಅಥವಾ ಟ್ಯಾಂಕಿನ ಅಳತೆಯನ್ನು ಬೇರೆಯಾಗಿ ಬರೆದಿದ್ದರೆ ಅದೇ ಕೊನೆಯ ಮಾತು.

ಎರಡನೆಯದು ಕಟ್ಟಡದ ನಕ್ಷೆಯ ಮಂಜೂರಾತಿ. ಜಾಗ ಎಲ್ಲಿದೆ ನೋಡಿಕೊಂಡು ಪುಣೆ ಪಾಲಿಕೆ, ಪಿಂಪ್ರಿ ಚಿಂಚವಾಡ ಪಾಲಿಕೆ ಅಥವಾ ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕೊಡುತ್ತದೆ. 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದವು. ಹಾಗಾಗಿ ತೆರಿಗೆ ಪಾಲಿಕೆಗೆ ಕಟ್ಟುತ್ತಿದ್ದರೂ ಹಳೆಯ ನಕ್ಷೆಯ ಫೈಲ್ ಪಿಎಂಆರ್‌ಡಿಎಯಲ್ಲಿ ಇರಬಹುದು. 2020ರ ಡಿಸೆಂಬರ್‌ನಲ್ಲಿ ಬಂದ ಯುಡಿಸಿಪಿಆರ್, ಅಂದರೆ ರಾಜ್ಯದ ಏಕರೂಪ ಕಟ್ಟಡ ನಿಯಮದಂತೆ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಕ್ಕೆ ಮಳೆನೀರು ಕೊಯ್ಲು ಕಡ್ಡಾಯ. ಅದನ್ನು ಮುಂದೆಯೂ ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಅಥವಾ ಸೊಸೈಟಿಯ ಹೊಣೆ. ಕಟ್ಟಡ ಮುಗಿದ ಮೇಲೆ ಓಸಿ, ಅಂದರೆ ವಾಸ ಶುರು ಮಾಡಬಹುದು ಅನ್ನುವ ಪ್ರಮಾಣಪತ್ರ, ಕೊಡುತ್ತಾರೆ. ಮರಾಠಿ ಕಾಗದದಲ್ಲಿ ಭೋಗವಟಾ ಪತ್ರ ಅಂತಿರುತ್ತದೆ. ಓಸಿ ಜೊತೆಗಿನ ನಕ್ಷೆಯಲ್ಲಿ ಹೊಂಡ ಎಲ್ಲಿದೆ, ಎಷ್ಟು ದೊಡ್ಡದಿದೆ ಅನ್ನುವುದೇ ಮುಂದಿನ ಎಲ್ಲ ಜಗಳಕ್ಕೂ ಆಧಾರ.

ಮೂರನೆಯದು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಕಟ್ಟುವ ಮುಂಚೆ ಒಂದು, ಬಳಸುವ ಮುಂಚೆ ಇನ್ನೊಂದು. ಇದು ಮುಖ್ಯವಾಗಿ ಎಸ್‌ಟಿಪಿ, ಕೊಳಚೆ ನೀರಿಗೆ ಸಂಬಂಧಿಸಿದ್ದು. ಮಳೆಗಟಾರಕ್ಕೆ ಕೊಳಚೆ ಸೇರಬಾರದು ಅನ್ನುವ ಕಡೆ ಹೊಂಡಕ್ಕೂ ತಾಗುತ್ತದೆ. ಜಾಗದ ಪಕ್ಕದಲ್ಲೇ ನದಿ ಇದ್ದರೆ ಮೇಲೆ ಹೇಳಿದ ನೀಲಿ, ಕೆಂಪು ಗೆರೆಗಳ ಗುರುತೂ ಫೈಲಿನಲ್ಲಿ ಇರಬೇಕು.

ವರ್ಷಕ್ಕೆ ಎರಡು ಸಲದ ವರದಿ

ಅನುಮತಿ ಪಡೆಯುವುದು ಒಂದು ಸಲದ ಕೆಲಸ. ಪಾಲಿಸುವುದು ವರ್ಷ ವರ್ಷದ ಕೆಲಸ. ಇಸಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರ ಹೊತ್ತಿಗೆ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿ ಕೊಡಬೇಕು ಅಂತ 2006ರ ಅಧಿಸೂಚನೆಯಲ್ಲೇ ಇದೆ. ಆ ವರದಿಗಳು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಕೇಳಬಹುದು. ಇಸಿ ಪತ್ರಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ, ಪ್ರಾಜೆಕ್ಟಿನ ಹೆಸರು ಹಾಕಿ ಹುಡುಕಿ.

ವರದಿಯಲ್ಲಿ ಪ್ರತಿ ಷರತ್ತಿನ ಎದುರು 'ಪಾಲಿಸಲಾಗಿದೆ' ಅಂತ ಬರೆದಿರುತ್ತಾರೆ. ಅದಕ್ಕೆ ಸಾಕ್ಷಿ ಏನು ಅಂತ ನೋಡಬೇಕು. ಹೊಂಡದ ಮಟ್ಟಿಗೆ ನಾನು ನಂಬುವ ಸಾಕ್ಷಿಗಳು ಇವು: ಹೂಳು ತೆಗೆಸಿದ ಬಿಲ್, ಮಳೆಗೆ ಮುಂಚೆ ಮತ್ತು ನಂತರದ ತಾರೀಖು ಇರುವ ಫೋಟೊ, ತೂಬಿನ ಅಳತೆ, ಹೊಂಡ ತುಂಬಿದ ಮೇಲೆ ಎಷ್ಟು ಹೊತ್ತಿಗೆ ಖಾಲಿಯಾಯಿತು ಅನ್ನುವ ಸೆಕ್ಯೂರಿಟಿಯವರ ರಿಜಿಸ್ಟರ್. ಕೊನೆಯದಕ್ಕೆ ಖರ್ಚೇ ಇಲ್ಲ. ಹೊಂಡದ ಗೋಡೆಗೆ ಅಳತೆಪಟ್ಟಿ ಬರೆಸಿ, ಗಾರ್ಡ್ ಅಣ್ಣನಿಗೆ ಮಳೆ ದಿನ ಬೆಳಿಗ್ಗೆ ಸಂಜೆ ಬರೆದಿಡಲು ಹೇಳಿದರಾಯಿತು. ಎರಡು ಮಳೆಗಾಲದ ದಾಖಲೆ ಇದ್ದರೆ ತೂಬು ಕಟ್ಟಿಕೊಂಡಿದೆಯೋ ಇಲ್ಲವೋ ಅನ್ನುವುದು ಯಾರೂ ಹೇಳದೆ ತಿಳಿಯುತ್ತದೆ.

ವ್ಯವಸ್ಥೆ ಚೆನ್ನಾಗಿ ಇಟ್ಟುಕೊಂಡರೆ ಸ್ವಲ್ಪ ಲಾಭವೂ ಇದೆ. ಮಳೆನೀರು ಕೊಯ್ಲು, ಸೋಲಾರ್, ಗೊಬ್ಬರದ ಘಟಕ ಇರುವ ವಸತಿ ಕಟ್ಟಡಗಳಿಗೆ ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ನೂರಕ್ಕೆ 5ರಿಂದ 10ರವರೆಗೆ ರಿಯಾಯಿತಿ ಕೊಡುತ್ತ ಬಂದಿದೆ.

ಬಿಲ್ಡರ್ ಕೈಯಿಂದ ಸೊಸೈಟಿ ಕೈಗೆ

ನಿಜವಾಗಿ ಎಡವಟ್ಟಾಗುವುದು ಇಲ್ಲಿ. ಹ್ಯಾಂಡೋವರ್ ದಿನ ಲಿಫ್ಟ್, ಜನರೇಟರ್, ಕ್ಲಬ್‌ಹೌಸಿನ ಟ್ರೆಡ್‌ಮಿಲ್ ಎಲ್ಲ ಎಣಿಸಿ ಸಹಿ ಮಾಡುತ್ತಾರೆ. ಹೊಂಡದ ಹತ್ತಿರ ಯಾರೂ ಹೋಗುವುದಿಲ್ಲ. ಒಂದು ವರ್ಷ ಬಿಟ್ಟು ಕೊಳಚೆ ವಾಸನೆ ಬಂದಾಗ ಡ್ರಾಯಿಂಗ್ ಹುಡುಕುತ್ತಾರೆ. ಅಷ್ಟರಲ್ಲಿ ಸೈಟ್ ಎಂಜಿನಿಯರ್ ಬೇರೆ ಕಂಪನಿಗೆ ಹೋಗಿರುತ್ತಾನೆ.

ಹ್ಯಾಂಡೋವರ್ ಪಟ್ಟಿಯಲ್ಲಿ ಮಂಜೂರಾದ ನಕ್ಷೆಯ ಜೊತೆ, ನಿಜವಾಗಿ ಕಟ್ಟಿದ್ದು ಹೇಗಿದೆ ಅನ್ನುವ ಡ್ರಾಯಿಂಗೂ ಬೇಕು. ಇವೆರಡೂ ಒಂದೇ ಅಂತ ತಿಳಿಯಬೇಡಿ. ಗಟಾರದ ಪೈಪ್ ಎಲ್ಲಿ ಹೋಗಿದೆ, ಯಾವ ಚೇಂಬರ್ ಎಷ್ಟು ಆಳ, ತೂಬಿನ ತಳಮಟ್ಟ ಎಷ್ಟು, ಇವೆಲ್ಲ ಅದರಲ್ಲಿ ಇರಬೇಕು. ಮಳೆನೀರಿನ ಲೆಕ್ಕದ ಪುಟಗಳು, ಇಸಿ, ಮಂಡಳಿಯ ಸಮ್ಮತಿ, ಹಿಂದಿನ ಎಲ್ಲ ಅರ್ಧವಾರ್ಷಿಕ ವರದಿಗಳು ಇವನ್ನೂ ಕೇಳಿ. ಇಸಿ ಯಾರ ಹೆಸರಿನಲ್ಲಿದೆ, ಅದನ್ನು ವರ್ಗಾಯಿಸಬೇಕೇ, ಮುಂದಿನ ವರದಿ ಯಾರು ಕೊಡುತ್ತಾರೆ ಅನ್ನುವುದನ್ನು ಬರಹದಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಆಗುವುದಾದರೆ ಮಳೆಗಾಲದಲ್ಲೇ ಹೊಂಡವನ್ನು ಒಪ್ಪಿಸಿಕೊಳ್ಳಿ. ಬೇಸಿಗೆಯಲ್ಲಿ ಎಲ್ಲ ಹೊಂಡವೂ ಸರಿಯಾಗೇ ಕಾಣುತ್ತದೆ.

ಬಿಲ್ಡರ್ ಕೊಡಲಿಲ್ಲ ಅಂದರೆ ನಕ್ಷೆಯ ಪ್ರತಿಯನ್ನು ಪಾಲಿಕೆ ಅಥವಾ ಪಿಎಂಆರ್‌ಡಿಎಯಿಂದ ಮಾಹಿತಿ ಹಕ್ಕಿನಲ್ಲಿ ತೆಗೆಸಬಹುದು. ಬಿಲ್ಡರ್‌ಗಳ ಮೇಲೆ ಕಣ್ಣಿಡುವ ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರ ಮಹಾರೇರಾದ ಪೋರ್ಟಲ್‌ನಲ್ಲೂ ಪ್ರಾಜೆಕ್ಟಿನ ಕಾಗದಗಳು ಇರುತ್ತವೆ.

ಆ ಪ್ರಾಧಿಕಾರಕ್ಕೆ ಆಧಾರವಾದ ರೇರಾ ಕಾನೂನಿನ 14ನೇ ಸೆಕ್ಷನ್ನನ್ನು ಪ್ರತಿಯೊಬ್ಬ ಕಮಿಟಿ ಸದಸ್ಯರೂ ಒಮ್ಮೆ ಓದಬೇಕು. ಅದರಲ್ಲಿ ಎರಡು ಮಾತು ನಮ್ಮ ಹೊಂಡಕ್ಕೆ ನೇರವಾಗಿ ತಾಗುತ್ತವೆ. ಒಂದು, ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ಅಥವಾ ಒದಗಿಸಿದ ಸೇವೆಯಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಡಬೇಕು. ಗಟಾರ ಉಲ್ಟಾ ಇಳಿಜಾರಿನಲ್ಲಿದ್ದು ನೀರು ಹೊಂಡಕ್ಕೆ ಬರುತ್ತಲೇ ಇಲ್ಲ ಅಂದರೆ ಅದನ್ನು ಇದರಡಿ ಕೇಳಬಹುದು. ಎರಡು, ಮಂಜೂರಾದ ನಕ್ಷೆಯನ್ನೋ ಸಾಮಾನ್ಯ ಜಾಗಗಳನ್ನೋ ಬದಲಾಯಿಸಬೇಕಾದರೆ ಮೂರರಲ್ಲಿ ಎರಡು ಪಾಲು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಮುಂದಿನ ಹಂತದಲ್ಲಿ ಹೊಂಡದ ಜಾಗಕ್ಕೆ ಇನ್ನೊಂದು ಟವರ್ ತರುತ್ತೇವೆ ಅಂತ ಬಂದವರಿಗೆ ಈ ಮಾತು ತೋರಿಸಿ. ಖರೀದಿದಾರರು ಒಪ್ಪಿದರೂ ಇಸಿಯ ಷರತ್ತು ತಾನಾಗಿ ಬದಲಾಗುವುದಿಲ್ಲ. ಅದಕ್ಕೆ ಪ್ರಾಧಿಕಾರದ ಮುಂದೆಯೇ ಹೋಗಬೇಕು.

ಸೊಸೈಟಿಯೇ ಹೊಂಡ ಮುಚ್ಚಿ ಪಾರ್ಕಿಂಗ್ ಮಾಡಿಕೊಂಡರೂ ಕತೆ ಅದೇ. ನಮ್ಮ ಜಾಗ ನಮ್ಮಿಷ್ಟ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ದೊಡ್ಡ ಸಂಸ್ಥೆಗಳಿಗೂ ಇದು ಸುಲಭವಲ್ಲ ಅನ್ನುವುದಕ್ಕೆ ನವಿ ಮುಂಬೈ ನೋಡಿ. ಸಮುದ್ರದ ಉಬ್ಬರ ಇದ್ದಾಗ ಮಳೆನೀರು ಹೊರಗೆ ಹೋಗಲಾರದು ಅಂತ ಆ ನಗರವನ್ನು ಬೆಳೆಸಿದ ಸರ್ಕಾರಿ ಸಂಸ್ಥೆ ಸಿಡ್ಕೊ ಅಲ್ಲಿ ಹೋಲ್ಡಿಂಗ್ ಪಾಂಡ್‌ಗಳನ್ನು ಕಟ್ಟಿತು. ಉಬ್ಬರದಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಮಳೆನೀರು ಪಾಂಡ್‌ನಲ್ಲಿ ನಿಲ್ಲುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ತುಂಬ ಒಳ್ಳೆಯ ಯೋಜನೆ. ಆದರೆ ಹೂಳು ತೆಗೆಯುವುದು ತಡವಾಯಿತು. ಹೂಳಿನಲ್ಲಿ ಮ್ಯಾಂಗ್ರೋವ್ ಬೆಳೆಯಿತು. ಮ್ಯಾಂಗ್ರೋವ್ ಕಡಿಯಲು ಬಾಂಬೆ ಹೈಕೋರ್ಟಿನ ಅನುಮತಿ ಬೇಕು. ಹೀಗೆ ಹೂಳು ತೆಗೆಯುವ ಮಾಮೂಲಿ ಕೆಲಸ ಕೋರ್ಟಿನ ಬಾಗಿಲಿಗೆ ಹೋಗಿ ನಿಂತಿತು. ನಮ್ಮ ಹೊಂಡದಲ್ಲಿ ಮ್ಯಾಂಗ್ರೋವ್ ಬೆಳೆಯುವುದಿಲ್ಲ, ಆದರೆ ಹೂಳಿನಲ್ಲಿ ಬೆಳೆದ ಮರ ಕಡಿಯಲು ಇಲ್ಲೂ ಪಾಲಿಕೆಯ ವೃಕ್ಷ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಸಸಿ ಇದ್ದಾಗಲೇ ಕಿತ್ತು ಹಾಕಿ.

ಹೊಂಡ ಮುಚ್ಚುತ್ತಿದ್ದರೆ

ಮೊದಲು ಪಾಲಿಕೆಯ ಅಥವಾ ಪಿಎಂಆರ್‌ಡಿಎಯ ಕಟ್ಟಡ ಅನುಮತಿ ವಿಭಾಗಕ್ಕೆ ಮಂಜೂರಾದ ನಕ್ಷೆಯ ಪ್ರತಿ ಸೇರಿಸಿ ಬರಹದಲ್ಲಿ ದೂರು ಕೊಡಿ. ಇಸಿ ಇದ್ದರೆ ರಾಜ್ಯ ಪರಿಸರ ಪ್ರಾಧಿಕಾರಕ್ಕೂ, ಕೊಳಚೆ ಸೇರುತ್ತಿದ್ದರೆ ಮಾಲಿನ್ಯ ಮಂಡಳಿಗೂ ಒಂದು ಪ್ರತಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ.

ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ಅದರ ಪಶ್ಚಿಮ ವಲಯದ ಪೀಠ ಪುಣೆಯಲ್ಲೇ ಇದೆ. ದೆಹಲಿಗೆ ಓಡಬೇಕಾಗಿಲ್ಲ. ಆದರೆ ಅಲ್ಲಿ ಒಂದು ಗಡುವಿದೆ. 2010ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ತಕರಾರಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡಕ್ಕೆ ತಕ್ಕ ಕಾರಣ ಇದ್ದರೆ ಹೆಚ್ಚೆಂದರೆ ಇನ್ನು 60 ದಿನ ಸಿಗಬಹುದು. ಕಮಿಟಿ ಸಭೆ, ಬಿಲ್ಡರ್ ಜೊತೆ ಮಾತುಕತೆ, ಹಬ್ಬ ಮುಗಿಯಲಿ, ವಾರ್ಷಿಕ ಸಭೆಯಲ್ಲಿ ಇಡೋಣ ಅನ್ನುತ್ತ ಆ ಆರು ತಿಂಗಳು ಕಳೆದೇ ಹೋಗುತ್ತವೆ. ಹಾಗಾಗಿ ಹೊಂಡಕ್ಕೆ ಮೊದಲ ಲೋಡ್ ಮಣ್ಣು ಬಿದ್ದ ದಿನವೇ ತಾರೀಖಿನ ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ, ಅದೇ ವಾರ ಮೊದಲ ದೂರು ಕೊಡಿ.